ಬಾಯಿ ಕ್ಯಾನ್ಸರ್: ಯಾವ ಪ್ರೋಟೀನ್ ಟೆಸ್ಟ್ ಯಾರಿಗೆ ಬೇಕು, ಯಾವುದು ಬೇಡ

ಬಯಾಪ್ಸಿ ರಿಪೋರ್ಟ್ ಕೈಗೆ ಬಂದಿದೆ. ‘ಸ್ಕ್ವೇಮಸ್ ಸೆಲ್ ಕಾರ್ಸಿನೋಮ’ ಅಂತ ಬರೆದಿದೆ, ಅಂದರೆ ಬಾಯಿಯ ಒಳಪದರದಲ್ಲಿ ಏಳುವ ಕ್ಯಾನ್ಸರ್. ಜೊತೆಗೆ ಯಾರೋ ಪ್ರೋಟೀನ್ ಟೆಸ್ಟ್‌ಗಳ ಒಂದು ಪಟ್ಟಿಯನ್ನೂ ಕೊಟ್ಟಿದ್ದಾರೆ: ಪಿ16, ಪಿ53, ಕಿ-67, ಇಜಿಎಫ್‌ಆರ್, ಪಿಡಿ-ಎಲ್1. ಮನೆಯವರು ತಲೆ ಕೆಡಿಸಿಕೊಳ್ಳುವುದು ಇಲ್ಲೇ. ಎಲ್ಲಾನೂ ಮಾಡಿಸಬೇಕಾ? ಒಂದೂ ಮಾಡಿಸದಿದ್ದರೆ ತಪ್ಪಾಗುತ್ತಾ? ಹಿಂದೆ ಸರಿದರೆ ಅಪ್ಪನ ಚಿಕಿತ್ಸೆಯಲ್ಲಿ ಕಂಜೂಸುತನ ಮಾಡಿದ ಹಾಗೆ ಆಗುತ್ತಾ?

ಈ ಬರಹ ಅಂಥವರಿಗಾಗಿ. ನಾನು ಪೆಥಾಲಜಿಸ್ಟ್, ಬಯಾಪ್ಸಿಯ ಸ್ಲೈಡ್‌ಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದೇ ನನ್ನ ಕೆಲಸ. ಹಾಗಾಗಿ ಈ ಟೆಸ್ಟ್‌ಗಳು ಎಲ್ಲಿ ಕೈ ಹಿಡಿಯುತ್ತವೆ, ಎಲ್ಲಿ ಸುಮ್ನೆ ಕಾಗದ ತುಂಬಿಸುತ್ತವೆ ಅನ್ನುವುದನ್ನು ಹತ್ತಿರದಿಂದ ಬಲ್ಲೆ. ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಉತ್ತರ ಏನೇ ಬಂದರೂ ಚಿಕಿತ್ಸೆ ಬದಲಾಗುವುದಿಲ್ಲ ಅಂತಾದರೆ ಆ ಟೆಸ್ಟ್‌ಗೆ ದುಡ್ಡು ಹಾಕಬೇಡಿ. ಆರೇಳು ವಾರ ರೇಡಿಯೇಶನ್ ನಡೆಯುವಾಗ ಓಡಾಟಕ್ಕೆ, ರೂಮ್ ಬಾಡಿಗೆಗೆ, ನುಂಗಲು ಆಗುವಂಥ ಊಟಕ್ಕೆ ಆ ದುಡ್ಡು ಬೇಕಾಗುತ್ತದೆ.

ಇದು ನಮ್ಮ ಮನೆಬಾಗಿಲಿನ ರೋಗ. ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. 2022ರ ಅಂದಾಜಿನಂತೆ ಗಂಡಸರು, ಹೆಂಗಸರು ಸೇರಿ ದೇಶದಲ್ಲಿ ಒಂದೇ ವರ್ಷಕ್ಕೆ 1.4 ಲಕ್ಷಕ್ಕೂ ಹೆಚ್ಚು ಹೊಸ ರೋಗಿಗಳು. ಹೊಗೆಸೊಪ್ಪು ಒಂದು ಕಾರಣ. ಅಡಿಕೆ ಇನ್ನೊಂದು. ಹೊಗೆಸೊಪ್ಪು ಸೇರಿಸದಿದ್ದರೂ ಅಡಿಕೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಎರಡು ದಶಕದ ಹಿಂದೆಯೇ ಹೇಳಿದೆ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವವರು ನಾವು. ಈ ಮಾತು ಕೇಳಲು ಕಷ್ಟ. ಆದರೂ ಹೇಳಲೇಬೇಕು.

ಈ ಟೆಸ್ಟ್ ಅಂದರೆ ಏನು

ಬಯಾಪ್ಸಿಯ ತುಂಡನ್ನು ಮೇಣದಲ್ಲಿ ಕೂರಿಸಿ ಇಡುತ್ತಾರೆ. ಅದೇ ಬ್ಲಾಕ್. ಅದರಿಂದ ಕೂದಲಿಗಿಂತ ತೆಳ್ಳಗೆ ಒಂದು ಪದರ ಕತ್ತರಿಸಿ ಗಾಜಿನ ಮೇಲೆ ಹರಡುತ್ತಾರೆ. ನಮಗೆ ಬೇಕಾದ ಪ್ರೋಟೀನನ್ನು ಮಾತ್ರ ಹುಡುಕಿ ಅಂಟಿಕೊಳ್ಳುವ ಒಂದು ಆಂಟಿಬಾಡಿ ಹಾಕುತ್ತಾರೆ. ಪ್ರೋಟೀನ್ ಇರುವ ಕಡೆ ಕಂದು ಬಣ್ಣ ಬರುತ್ತದೆ. ಇಲ್ಲದ ಕಡೆ ತಿಳಿ ನೀಲಿ ಉಳಿಯುತ್ತದೆ. ಇದಕ್ಕೆ ಐಎಚ್‌ಸಿ ಅನ್ನುತ್ತಾರೆ. ಬಣ್ಣ ಬಂತಾ, ಎಷ್ಟು ಜೀವಕೋಶಗಳಲ್ಲಿ ಬಂತು, ಎಷ್ಟು ಗಾಢವಾಗಿ ಬಂತು, ಜೀವಕೋಶದ ಯಾವ ಭಾಗದಲ್ಲಿ ಬಂತು ಎಂದು ಕಣ್ಣಿಟ್ಟು ನೋಡಿ ಬರೆಯುವುದು ನಮ್ಮ ಕೆಲಸ.

ಒಂದು ಪ್ರೋಟೀನ್ ಎರಡು ಬಗೆಯ ಸುದ್ದಿ ಕೊಡಬಹುದು. ಒಂದು: ಈ ಗೆಡ್ಡೆ ಮುಂದೆ ಎಷ್ಟು ಜೋರು ಮಾಡೀತು. ಇನ್ನೊಂದು: ಇಂಥ ಔಷಧ ಇದಕ್ಕೆ ತಾಗೀತಾ. ಮೊದಲನೆಯದು ಭಯವನ್ನೋ ಸಮಾಧಾನವನ್ನೋ ಕೊಡುತ್ತದೆ. ಎರಡನೆಯದು ದಾರಿ ತೋರಿಸುತ್ತದೆ. ಬಾಯಿ ಕ್ಯಾನ್ಸರಿನಲ್ಲಿ ಮೊದಲನೇ ಬಗೆಯ ಪ್ರೋಟೀನ್‌ಗಳು ನೂರಾರು ಸಂಶೋಧನಾ ಲೇಖನಗಳಲ್ಲಿ ಬಂದು ಹೋಗಿವೆ. ಎರಡನೇ ಬಗೆಯದು ಸದ್ಯಕ್ಕೆ ಒಂದೇ ಒಂದು ಅಂದರೂ ನಡೆದೀತು.

ಯಾವುದನ್ನು ನೋಡಿ ಆರಿಸಬೇಕು

ಪಟ್ಟಿಯಲ್ಲಿರುವ ಒಂದೊಂದು ಟೆಸ್ಟ್‌ಗೂ ನಾನು ನಾಲ್ಕು ಪ್ರಶ್ನೆ ಹಾಕುತ್ತೇನೆ.

ಉತ್ತರದಿಂದ ಚಿಕಿತ್ಸೆ ಬದಲಾಗುತ್ತಾ? ಇದೇ ದೊಡ್ಡ ಪ್ರಶ್ನೆ. ಇದರಲ್ಲಿ ಸೋತ ಟೆಸ್ಟ್ ಉಳಿದ ಮೂರರಲ್ಲಿ ಗೆದ್ದರೂ ನಿಮಗೆ ಉಪಯೋಗವಿಲ್ಲ.

ಎರಡನೆಯದು, ಅಳತೆ ಎಲ್ಲ ಕಡೆ ಒಂದೇನಾ? ಶಿವಮೊಗ್ಗದ ಲ್ಯಾಬಿನಲ್ಲಿ ‘ಜಾಸ್ತಿ’ ಅಂತ ಬಂದದ್ದು ಬೆಂಗಳೂರಿನ ಲ್ಯಾಬಿನಲ್ಲೂ ‘ಜಾಸ್ತಿ’ ಅಂತಲೇ ಬರಬೇಕು. ಎಷ್ಟು ಶೇಕಡಾ ದಾಟಿದರೆ ಜಾಸ್ತಿ ಅನ್ನುವ ಗೆರೆ ಎಲ್ಲರೂ ಒಪ್ಪಿದ್ದಾಗಿರಬೇಕು. ಒಬ್ಬೊಬ್ಬರು ಒಂದೊಂದು ಗೆರೆ ಹಾಕಿಕೊಂಡರೆ ಆ ಅಂಕಿ ಇಟ್ಟುಕೊಂಡು ಏನು ಮಾಡುವುದು?

ಮೂರನೆಯದು, ಪುರಾವೆ ನಮ್ಮಂಥವರಿಂದ ಬಂದಿದೆಯಾ? ಪಶ್ಚಿಮದ ದೇಶಗಳ ಬಾಯಿ ಕ್ಯಾನ್ಸರ್ ಅಧ್ಯಯನಗಳಲ್ಲಿ ನಾಲಿಗೆ ಕ್ಯಾನ್ಸರಿನವರು, ಸಿಗರೇಟು-ಮದ್ಯದ ಅಭ್ಯಾಸದವರು ಜಾಸ್ತಿ. ನಮ್ಮಲ್ಲಿ ಕೆನ್ನೆಯ ಒಳಭಾಗ ಮತ್ತು ಒಸಡಿನ ನಡುವೆ, ಗುಟ್ಕಾ-ಎಲೆಅಡಿಕೆ ಇಟ್ಟುಕೊಳ್ಳುವ ಜಾಗದಲ್ಲೇ ಏಳುವ ಕ್ಯಾನ್ಸರ್ ಹೆಚ್ಚು. ಭಾರತದ ವಿಜ್ಞಾನಿಗಳು ಈ ಕೆನ್ನೆ-ಒಸಡಿನ ಕ್ಯಾನ್ಸರಿನ ಜೀನ್‌ಗಳನ್ನು ಓದಿ 2013ರಲ್ಲಿ ವರದಿ ಮಾಡಿದಾಗ, ಬೇರೆಡೆ ಅಷ್ಟಾಗಿ ಕಾಣದ ಕೆಲವು ಬದಲಾವಣೆಗಳು ಸಿಕ್ಕವು. ಅಲ್ಲಿಯ ಲೆಕ್ಕವನ್ನು ಇಲ್ಲಿಗೆ ಹಾಗೇ ತರುವ ಮುಂಚೆ ಯೋಚಿಸಬೇಕು.

ಕೊನೆಯದು ಖರ್ಚು. ಖರ್ಚು ಅಂದರೆ ದುಡ್ಡು ಮಾತ್ರ ಅಲ್ಲ. ದಿನಗಳು ಹೋಗುತ್ತವೆ, ಬಯಾಪ್ಸಿಯ ತುಂಡೂ ಸವೆಯುತ್ತದೆ. ಸಣ್ಣ ತುಂಡಿನಿಂದ ಹತ್ತು ಪದರ ಕತ್ತರಿಸಿ ಬೇಡದ ಟೆಸ್ಟ್‌ಗಳಿಗೆ ಬಳಸಿದರೆ, ನಿಜಕ್ಕೂ ಬೇಕಾದ ಟೆಸ್ಟಿನ ಹೊತ್ತಿಗೆ ಬ್ಲಾಕಿನಲ್ಲಿ ಗೆಡ್ಡೆಯೇ ಉಳಿದಿರುವುದಿಲ್ಲ.

ಪ್ರೋಟೀನಿಗೂ ಮೊದಲು: ಆಪರೇಶನ್ ರಿಪೋರ್ಟ್

ಹೆಚ್ಚಿನವರು ಇದನ್ನು ದಾಟಿ ಮುಂದೆ ಹೋಗಿಬಿಡುತ್ತಾರೆ. ಆಪರೇಶನ್ ಆದ ಮೇಲೆ ಬರುವ ಸಾಮಾನ್ಯ ರಿಪೋರ್ಟಿನಲ್ಲೇ ಮುಂದಿನ ದಾರಿ ಹೇಳುವ ನಾಲ್ಕೈದು ಸಾಲು ಇರುತ್ತವೆ. ಅದಕ್ಕೆ ಬೇರೆ ದುಡ್ಡು ಕೊಡಬೇಕಿಲ್ಲ. ಸದ್ಯಕ್ಕೆ ಯಾವ ಪ್ರೋಟೀನೂ ಅವುಗಳ ಜಾಗ ತುಂಬುವುದಿಲ್ಲ.

ಗೆಡ್ಡೆ ಎಷ್ಟು ಆಳಕ್ಕೆ ಇಳಿದಿದೆ ಅನ್ನುವುದು ಒಂದು. ರೋಗ ಎಷ್ಟು ಮುಂದುವರಿದಿದೆ ಎಂದು ಹೇಳಲು 2018ರಿಂದ ಬಳಕೆಯಲ್ಲಿರುವ ಸ್ಟೇಜಿಂಗ್ ಪದ್ಧತಿಯಲ್ಲಿ ಅಗಲದ ಜೊತೆ ಆಳವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಎರಡು ಸೆಂಟಿಮೀಟರಿಗಿಂತ ಚಿಕ್ಕ ಗೆಡ್ಡೆಯಾದರೂ ಆಳ 5 ಮಿಲಿಮೀಟರ್ ದಾಟಿದರೆ ಅದು ಟಿ1 (ಗೆಡ್ಡೆಯ ಮೊದಲ ಮೆಟ್ಟಿಲು) ಅಲ್ಲ, ಟಿ2. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಜಗತ್ತಿನಲ್ಲೇ ಹೆಸರುವಾಸಿ. ಬಾಯಿ ಕ್ಯಾನ್ಸರ್ ಆರಂಭದಲ್ಲಿದ್ದು, ಕತ್ತಿನಲ್ಲಿ ಗಂಟು ಕಾಣದಿದ್ದರೂ, ಮೊದಲ ಆಪರೇಶನ್ನಿನಲ್ಲೇ ಕತ್ತಿನ ಗ್ರಂಥಿ ತೆಗೆದವರಲ್ಲಿ ಮೂರು ವರ್ಷಕ್ಕೆ 80% ಜನ ಬದುಕಿದ್ದರು. ‘ಗಂಟು ಬಂದಾಗ ನೋಡೋಣ’ ಎಂದು ಕಾದವರಲ್ಲಿ 67.5%. ಆಳ 3 ಮಿಲಿಮೀಟರಿಗಿಂತ ಜಾಸ್ತಿ ಇದ್ದವರಿಗೆ ಲಾಭ ಎದ್ದು ಕಂಡಿತು. ಒಂದು ಸ್ಕೇಲಿನ ಅಳತೆ ಇಷ್ಟು ದೊಡ್ಡ ನಿರ್ಧಾರಕ್ಕೆ ಆಧಾರವಾಗುತ್ತದೆ.

ಅಂಚು ಇನ್ನೊಂದು. ಗೆಡ್ಡೆಯ ಸುತ್ತ 5 ಮಿಲಿಮೀಟರ್ ಅಥವಾ ಹೆಚ್ಚು ಒಳ್ಳೆಯ ಭಾಗ ಸೇರಿ ಬಂದಿದ್ದರೆ ಅಂಚು ಸ್ವಚ್ಛ. ಮೂರನೆಯದು ಕತ್ತಿನ ಗ್ರಂಥಿ: ಎಷ್ಟು ಗ್ರಂಥಿಗಳಲ್ಲಿ ಕ್ಯಾನ್ಸರ್ ಇದೆ, ಗ್ರಂಥಿಯ ಕವಚ ಒಡೆದು ಹೊರಗೆ ಬಂದಿದೆಯಾ? ಅಂಚಿನಲ್ಲಿ ಕ್ಯಾನ್ಸರ್ ಇದ್ದರೆ ಅಥವಾ ಕವಚ ಒಡೆದಿದ್ದರೆ ರೇಡಿಯೇಶನ್ ಜೊತೆ ಕೀಮೋ ಸೇರಿಸಬೇಕು. 2004ರಲ್ಲಿ ಯುರೋಪ್ ಮತ್ತು ಅಮೆರಿಕದಿಂದ ಬಂದ ಎರಡು ದೊಡ್ಡ ಅಧ್ಯಯನಗಳ ಮೇಲೆ ಇದು ನಿಂತಿದೆ. ನರದ ಸುತ್ತ ಹಬ್ಬಿದೆಯಾ ಅನ್ನುವುದನ್ನೂ ಬರೆದಿರಬೇಕು.

ನಿಮ್ಮ ರಿಪೋರ್ಟಿನಲ್ಲಿ ಈ ಸಾಲುಗಳು ಇಲ್ಲದಿದ್ದರೆ ಹೊಸ ಟೆಸ್ಟ್ ಕೇಳುವ ಮುಂಚೆ ಇವನ್ನು ಬರೆದುಕೊಡಿ ಅಂತ ಕೇಳಿ. ಸಂಕೋಚ ಬೇಡ. ಹಳೆಯ ಸ್ಲೈಡ್‌ಗಳನ್ನೇ ಮತ್ತೆ ನೋಡಿ ಬರೆಯಲು ಆಗುತ್ತದೆ.

ಪಿಡಿ-ಎಲ್1: ಸರಿಯಾದ ಹೊತ್ತಿನಲ್ಲಿ ಬೆಲೆ ಬಾಳುವ ಟೆಸ್ಟ್

ನಮ್ಮ ದೇಹದ ರಕ್ಷಣಾ ಕಣಗಳು (ಕಣ ಅಂದರೆ ಜೀವಕೋಶ) ಕ್ಯಾನ್ಸರ್ ಕಣವನ್ನು ಹಿಡಿಯಲು ಬಂದಾಗ, ‘ನನ್ನನ್ನು ಮುಟ್ಟಬೇಡ’ ಎಂದು ತಡೆಯುವ ಪ್ರೋಟೀನ್ ಇದು. ಈ ತಡೆಯನ್ನು ತೆಗೆಯುವ ಔಷಧಗಳೇ ಪೆಂಬ್ರೊಲಿಜುಮ್ಯಾಬ್, ನಿವೊಲುಮ್ಯಾಬ್. ಇಮ್ಯುನೋಥೆರಪಿ ಅಂತ ಕೇಳಿರುತ್ತೀರಿ.

ಇದರ ಲೆಕ್ಕಕ್ಕೆ ಸಿಪಿಎಸ್ ಅನ್ನುತ್ತಾರೆ. ಹೇಗೆ ಮಾಡುತ್ತಾರೆ ನೋಡಿ. ಸ್ಲೈಡಿನಲ್ಲಿ ಜೀವಂತ ಕ್ಯಾನ್ಸರ್ ಕಣಗಳು 200 ಇವೆ ಅಂದುಕೊಳ್ಳಿ. ಅವುಗಳಲ್ಲಿ 30ಕ್ಕೆ ಕಂದು ಗೆರೆ ಬಂದಿದೆ. ಅವುಗಳ ನಡುವೆ ಇರುವ ರಕ್ಷಣಾ ಕಣಗಳಲ್ಲಿ 10ಕ್ಕೆ ಬಣ್ಣ ಬಂದಿದೆ. ಎರಡನ್ನೂ ಕೂಡಿಸಿದರೆ 40. ಅದನ್ನು 200ರಿಂದ ಭಾಗಿಸಿ 100ರಿಂದ ಗುಣಿಸಿದರೆ 20. ಇದೇ ಸಿಪಿಎಸ್ 20. ಕೇಳಲು ಸುಲಭ. ಆದರೆ ಯಾವುದು ಕ್ಯಾನ್ಸರ್ ಕಣ, ಯಾವುದು ರಕ್ಷಣಾ ಕಣ, ಯಾವುದು ಲೆಕ್ಕಕ್ಕೆ ಬಾರದ ಸತ್ತ ಭಾಗ ಎಂದು ಬೇರ್ಪಡಿಸಲು ಅಭ್ಯಾಸ ಇರುವ ಕಣ್ಣು ಬೇಕು. ಕನಿಷ್ಠ 100 ಜೀವಂತ ಕ್ಯಾನ್ಸರ್ ಕಣಗಳು ಇಲ್ಲದ ತುಂಡಿನಲ್ಲಿ ಈ ಲೆಕ್ಕ ಮಾಡಲೇಬಾರದು.

ರೋಗ ಮರಳಿ ಬಂದು ಆಪರೇಶನ್ ಆಗದ ಸ್ಥಿತಿ, ಅಥವಾ ಶ್ವಾಸಕೋಶದಂಥ ದೂರದ ಅಂಗಕ್ಕೆ ಹರಡಿದ ಸ್ಥಿತಿ ಇದ್ದರೆ ಈ ಅಂಕಿ ನಿಜಕ್ಕೂ ದಾರಿ ಬದಲಿಸುತ್ತದೆ. 2019ರಲ್ಲಿ ಬಂದ ಕೀನೋಟ್-048 ಎಂಬ ಅಧ್ಯಯನದಲ್ಲಿ ಸಿಪಿಎಸ್ 20 ಅಥವಾ ಹೆಚ್ಚಿದ್ದವರಿಗೆ ಪೆಂಬ್ರೊಲಿಜುಮ್ಯಾಬ್ ಒಂದನ್ನೇ ಕೊಟ್ಟಾಗ ಅರ್ಧದಷ್ಟು ಜನ 14.9 ತಿಂಗಳು ದಾಟಿದರು. ಹಳೆಯ ಚಿಕಿತ್ಸೆಯಲ್ಲಿ ಅದು 10.7 ತಿಂಗಳು. ಸಿಪಿಎಸ್ 1 ಅಥವಾ ಹೆಚ್ಚಿದ್ದ ಎಲ್ಲರನ್ನೂ ಸೇರಿಸಿದರೆ 12.3 ಮತ್ತು 10.3. ಅಂಕಿ 1ಕ್ಕಿಂತ ಕೆಳಗಿದ್ದರೆ ಈ ಔಷಧವನ್ನು ಒಂಟಿಯಾಗಿ ಕೊಡುವುದರಲ್ಲಿ ಅರ್ಥವಿಲ್ಲ. ಅಂದರೆ ಮೊದಲ ಪ್ರಶ್ನೆಗೆ ‘ಹೌದು’ ಅನ್ನುವ ಟೆಸ್ಟ್ ಇದು.

2025ರಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಕೀನೋಟ್-689 ಅಧ್ಯಯನದಲ್ಲಿ, ರೋಗ ಬಲಿತಿದ್ದರೂ ಆಪರೇಶನ್ ಮಾಡಬಹುದಾದವರಿಗೆ ಆಪರೇಶನ್ನಿಗೆ ಮುಂಚೆ ಎರಡು ಸಲ, ನಂತರ ರೇಡಿಯೇಶನ್ ಜೊತೆ ಮತ್ತು ಆಮೇಲೂ ಇದೇ ಔಷಧ ಕೊಟ್ಟರು. ಅದರಲ್ಲಿ ಬಾಯಿ ಕ್ಯಾನ್ಸರಿನವರ ಪಾಲು ದೊಡ್ಡದಿತ್ತು. ರೋಗ ಮರಳದೆ ಇರುವ ಅವಧಿ ಸ್ಪಷ್ಟವಾಗಿ ಹೆಚ್ಚಿತು. ಅಮೆರಿಕದ ಔಷಧ ನಿಯಂತ್ರಕರು ಸಿಪಿಎಸ್ 1 ಅಥವಾ ಹೆಚ್ಚಿದ್ದವರಿಗೆ ಒಪ್ಪಿಗೆ ಕೊಟ್ಟರು. ಹಾಗಾಗಿ ಬಲಿತ ಗೆಡ್ಡೆ ಇದ್ದು, ಈ ಔಷಧದ ಖರ್ಚು ಹೊರಲು ಆಗುವವರಿಗೆ ಪಿಡಿ-ಎಲ್1 ಟೆಸ್ಟ್ ಆಪರೇಶನ್ನಿಗೆ ಮುಂಚೆಯೇ ಬೇಕಾಗಬಹುದು.

ಆದರೆ ಈ ಖರ್ಚನ್ನು ಎಷ್ಟು ಮನೆ ಹೊರುತ್ತದೆ? ಪೂರ್ಣ ಪ್ರಮಾಣದ ಇಮ್ಯುನೋಥೆರಪಿ ಲಕ್ಷಗಟ್ಟಲೆ ಬೇಡುತ್ತದೆ, ಅದೂ ಮತ್ತೆ ಮತ್ತೆ. ಔಷಧ ಕೊಳ್ಳುವುದೇ ಆಗದು ಅಂತಿದ್ದರೆ ಟೆಸ್ಟ್ ಮಾಡಿಸಿ ‘ಸಿಪಿಎಸ್ 40’ ಅಂತ ತಿಳಿದುಕೊಂಡರೆ ಸಿಗುವುದು ಸಂಕಟ ಮಾತ್ರ. ಇಲ್ಲಿ ಟಾಟಾ ಮೆಮೋರಿಯಲ್‌ನವರ ಇನ್ನೊಂದು ಕೆಲಸವನ್ನು ಹೇಳದೆ ಇರಲಾರೆ. ನಿವೊಲುಮ್ಯಾಬ್‌ನ ಮಾಮೂಲಿ ಡೋಸ್ 240 ಮಿಲಿಗ್ರಾಂ. ಅವರು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟರು. ಜೊತೆಗೆ ಮೆಥೋಟ್ರೆಕ್ಸೇಟ್, ಸೆಲೆಕಾಕ್ಸಿಬ್, ಎರ್ಲೊಟಿನಿಬ್ ಮಾತ್ರೆಗಳು. ಗುಣವಾಗುವ ಹಂತ ದಾಟಿದ ರೋಗಿಗಳವರು. ಮಾತ್ರೆ ಮಾತ್ರ ತೆಗೆದುಕೊಂಡವರಲ್ಲಿ ಒಂದು ವರ್ಷಕ್ಕೆ ಬದುಕಿದ್ದವರು 16.3%. ಸಣ್ಣ ಡೋಸ್ ಸೇರಿಸಿದವರಲ್ಲಿ 43.4%. ಕಡಿಮೆ ಬಜೆಟ್ಟಿನವರು ವೈದ್ಯರ ಹತ್ತಿರ ಈ ದಾರಿಯ ಬಗ್ಗೆ ಬಾಯಿಬಿಟ್ಟು ಕೇಳಬೇಕು. ಈ ದಾರಿ ಹಿಡಿಯುವುದಾದರೆ ಪಿಡಿ-ಎಲ್1 ಅಂಕಿ ನಿಜಕ್ಕೂ ಬೇಕಾ ಅಂತಲೂ ಅವರನ್ನೇ ಕೇಳಿ. ಎಷ್ಟೋ ಸಲ ಆ ದುಡ್ಡು ಔಷಧಕ್ಕೇ ಉಳಿಯುತ್ತದೆ.

ಇನ್ನು, ಚಿಕ್ಕ ಗೆಡ್ಡೆ, ಆಪರೇಶನ್ ಆಗಿ ಅಂಚು ಸ್ವಚ್ಛ, ಕತ್ತು ಸ್ವಚ್ಛ ಅನ್ನುವವರಿಗೆ ಪಿಡಿ-ಎಲ್1 ಈಗ ಬೇಡ. ಬ್ಲಾಕ್ ಜೋಪಾನ ಮಾಡಿ ಇಡಿ, ಸಾಕು.

ಪಿ16: ಗಂಟಲಿಗೆ ಹೌದು, ಬಾಯಿಗೆ ಅಷ್ಟಕ್ಕಷ್ಟೆ

ಗೊಂದಲ ಅತಿ ಹೆಚ್ಚಿರುವುದು ಇದರಲ್ಲೇ. ಎಚ್‌ಪಿವಿ ವೈರಸ್ಸಿನಿಂದ ಬರುವ ಗಂಟಲ ಕ್ಯಾನ್ಸರಿನಲ್ಲಿ ಪಿ16 ಪ್ರೋಟೀನ್ ತುಂಬಿರುತ್ತದೆ. 70% ಕಣಗಳಲ್ಲಿ, ಕಣದ ನಡುವೆಯೂ ಸುತ್ತಲೂ ಗಾಢ ಬಣ್ಣ ಬಂದರೆ ಪಾಸಿಟಿವ್. ಗೆರೆ ಸ್ಪಷ್ಟ, ಟೆಸ್ಟ್ ಅಗ್ಗ. ಆ ರೋಗಿಗಳು ಚೆನ್ನಾಗಿಯೂ ಉಳಿಯುತ್ತಾರೆ. 2010ರ ಅಮೆರಿಕದ ಅಧ್ಯಯನದಲ್ಲಿ ವೈರಸ್ ಇರುವ ಗಂಟಲ ಕ್ಯಾನ್ಸರಿನವರಲ್ಲಿ ಮೂರು ವರ್ಷಕ್ಕೆ 82.4% ಜನ ಬದುಕಿದ್ದರು, ವೈರಸ್ ಇಲ್ಲದವರಲ್ಲಿ 57.1%. ಅಂತರ್ಜಾಲದಲ್ಲಿ ಇದನ್ನು ಓದಿದ ಮಕ್ಕಳು ‘ನಮ್ಮಪ್ಪನಿಗೂ ಪಿ16 ಮಾಡಿಸಿ’ ಎಂದು ಕೇಳುತ್ತಾರೆ. ಅವರ ಆಸೆ ಅರ್ಥವಾಗುತ್ತದೆ.

ಆದರೆ ಆ ಅಂಕಿಗಳು ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಕ್ಯಾನ್ಸರಿಗೆ ಸೇರಿದವು. ಕೆನ್ನೆ, ಒಸಡು, ನಾಲಿಗೆಯ ಮುಂಭಾಗ, ನಾಲಿಗೆಯ ಕೆಳಗಿನ ಜಾಗ, ಇಲ್ಲೆಲ್ಲ ವೈರಸ್ಸಿನ ಪಾಲು ಕಡಿಮೆ. ಪಿ16 ಪಾಸಿಟಿವ್ ಬಂದರೂ ಅದು ವೈರಸ್ಸಿನದೇ ಅನ್ನಲು ಆಗದು. ಸ್ಟೇಜ್ ಬದಲಾಗುವುದಿಲ್ಲ, ಚಿಕಿತ್ಸೆಯೂ ಬದಲಾಗುವುದಿಲ್ಲ. ಅಮೆರಿಕದ ಪೆಥಾಲಜಿಸ್ಟ್‌ಗಳ ಕಾಲೇಜು 2018ರ ಸೂಚನೆಯಲ್ಲಿ ಬಾಯಿ ಕ್ಯಾನ್ಸರಿಗೆ ಇದನ್ನು ವಾಡಿಕೆಯಂತೆ ಮಾಡಬೇಡಿ ಅಂತಲೇ ಹೇಳಿದೆ.

ಒಂದು ಎಚ್ಚರ. ರಿಪೋರ್ಟಿನಲ್ಲಿ ಬರೀ ‘ನಾಲಿಗೆ’ ಅಂತ ಬರೆದಿದ್ದರೆ ಮುಂದಿನದಾ ಬುಡದ್ದಾ ಎಂದು ಕೇಳಿ. ನಾಲಿಗೆಯ ಮುಂದಿನ ಮೂರನೇ ಎರಡು ಭಾಗ ಬಾಯಿಗೆ ಸೇರುತ್ತದೆ, ಹಿಂದಿನ ಮೂರನೇ ಒಂದು ಭಾಗ ಗಂಟಲಿಗೆ. ಬುಡದ್ದಾದರೆ ಪಿ16 ಮಾಡಿಸಲೇಬೇಕು. ಕತ್ತಿನಲ್ಲಿ ಕ್ಯಾನ್ಸರ್ ಗಂಟು ಸಿಕ್ಕಿ, ಮೂಲ ಎಲ್ಲಿದೆ ಅಂತ ಗೊತ್ತಾಗದಿದ್ದರೂ ಬೇಕು.

ಪಿ53: ಮಚ್ಚೆ ಇರುವವರಿಗೆ ಹೆಚ್ಚು ಉಪಯೋಗ

ಪಿ53 ಪ್ರೋಟೀನ್ ತಯಾರಿಸುವ ಟಿಪಿ53 ಜೀನ್ ಕೆಡುವುದು ಬಾಯಿ ಕ್ಯಾನ್ಸರಿನಲ್ಲಿ ಅತಿ ಸಾಮಾನ್ಯ. ವೈರಸ್ ಸಂಬಂಧವಿಲ್ಲದ ತಲೆ-ಕತ್ತಿನ ಕ್ಯಾನ್ಸರ್‌ಗಳಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಪಾಲು ಇದು ಕೆಟ್ಟಿರುತ್ತದೆ. ಜೀನ್ ಕೆಟ್ಟವರಲ್ಲಿ ಬದುಕುಳಿಯುವ ಪ್ರಮಾಣ ಕಡಿಮೆ ಅಂತ 420 ರೋಗಿಗಳ ಮೇಲೆ ನಡೆದ ಒಂದು ಅಧ್ಯಯನ 2007ರಲ್ಲೇ ತೋರಿಸಿತು. ಹಾಗಾದರೆ ಕ್ಯಾನ್ಸರ್ ಆದವರಿಗೆ ಈ ಟೆಸ್ಟ್ ಏಕೆ ಬೇಡ? ಎಂಟೊಂಬತ್ತು ಜನಕ್ಕೆ ಕೆಟ್ಟದ್ದೇ ಬರುವಾಗ ಅದು ಹೊಸದಾಗಿ ಹೇಳುವುದು ಕಡಿಮೆ. ಕೆಟ್ಟಿದೆ ಅಂತ ಗೊತ್ತಾದರೂ ಅದಕ್ಕೆಂದೇ ಕೊಡುವ ಔಷಧ ಇಲ್ಲ.

ಇದರ ರಿಪೋರ್ಟ್ ಓದುವಾಗ ಜನ ಎಡವುವ ಜಾಗವೊಂದಿದೆ. ಬಾಯಿಯ ಆರೋಗ್ಯವಂತ ಒಳಪದರದಲ್ಲಿ ಪಿ53 ಅಲ್ಲೊಂದು ಇಲ್ಲೊಂದು ಕಣದಲ್ಲಿ, ಒಂದು ಗಾಢ ಒಂದು ತಿಳಿ, ಹೀಗೆ ಚೆಲ್ಲಾಪಿಲ್ಲಿಯಾಗಿ ಕಾಣುತ್ತದೆ. ಜೀನ್ ಕೆಟ್ಟಾಗ ಎರಡು ಬಗೆ ಆಗಬಹುದು. ಒಂದೋ ಎಲ್ಲ ಕಣಗಳೂ ಗಾಢ ಕಂದು. ಇಲ್ಲವೇ ಒಂದೇ ಒಂದು ಕಣಕ್ಕೂ ಬಣ್ಣವಿಲ್ಲ, ಪೂರ್ತಿ ಖಾಲಿ. ಈ ಎರಡನೆಯದನ್ನು ‘ನೆಗೆಟಿವ್’ ಅಂತ ಬರೆದಿದ್ದರೆ ಮನೆಯವರು ಸದ್ಯ ಬದುಕಿದೆವು ಅಂದುಕೊಳ್ಳುತ್ತಾರೆ. ನಿಜಕ್ಕೆ ಅದೂ ಕೆಟ್ಟ ಲಕ್ಷಣವೇ. ಖಾಲಿ ಕಂಡಾಗ ನಾವು ಪಕ್ಕದ ಆರೋಗ್ಯವಂತ ಕಣಗಳನ್ನು ನೋಡುತ್ತೇವೆ. ಅವುಗಳಲ್ಲಿ ಬಣ್ಣ ಬಂದಿದ್ದರೆ ಟೆಸ್ಟ್ ಸರಿಯಾಗಿ ನಡೆದಿದೆ, ಗೆಡ್ಡೆಯಲ್ಲೇ ಪ್ರೋಟೀನ್ ಇಲ್ಲ ಅಂತ ಅರ್ಥ. ಅಲ್ಲೂ ಬಣ್ಣ ಇಲ್ಲದಿದ್ದರೆ ಟೆಸ್ಟೇ ಕೆಟ್ಟಿದೆ, ಮತ್ತೆ ಮಾಡಬೇಕು. ಹಾಗಾಗಿ ‘ಪಾಸಿಟಿವ್-ನೆಗೆಟಿವ್’ ಬೇಡ, ‘ಸಹಜ ಬಗೆ’ಯಾ ‘ಅಸಹಜ ಬಗೆ’ಯಾ ಅಂತ ಬರೆದುಕೊಡಿ ಎಂದು ಕೇಳಿ.

ಇದು ನಿಜಕ್ಕೂ ಕೈ ಹಿಡಿಯುವುದು ಕ್ಯಾನ್ಸರ್ ಆಗುವ ಮುಂಚೆ. ಬಾಯಲ್ಲಿ ಬಿಳಿ ಮಚ್ಚೆ, ಕೆಂಪು ಮಚ್ಚೆ ಇರುವವರು, ಅಡಿಕೆಯಿಂದ ಬಾಯಿ ಬಿಗಿದು ಎರಡು ಬೆರಳೂ ಹೋಗದಂತಾದವರು ಬಯಾಪ್ಸಿ ಮಾಡಿಸಿದಾಗ ‘ಡಿಸ್‌ಪ್ಲೇಸಿಯಾ’ ಅಂತ, ಅಂದರೆ ಮುಂದೆ ಕ್ಯಾನ್ಸರಿಗೆ ತಿರುಗಬಹುದಾದ ಕಣಗಳ ಬದಲಾವಣೆ ಅಂತ, ಬರುವುದುಂಟು. ಅದು ಸ್ವಲ್ಪವಾ, ಮಧ್ಯಮವಾ, ಜೋರಾ ಎಂಬುದರಲ್ಲಿ ಒಬ್ಬ ಪೆಥಾಲಜಿಸ್ಟ್‌ಗೂ ಇನ್ನೊಬ್ಬರಿಗೂ ಎಷ್ಟೋ ಸಲ ಹೊಂದುವುದಿಲ್ಲ. ಅಂಥ ಕಡೆ ಪಿ53 ಅಸಹಜ ಬಗೆಯಲ್ಲಿ ಬಂದರೆ ‘ಆರು ತಿಂಗಳು ಬಿಟ್ಟು ನೋಡೋಣ’ ಅನ್ನುವ ಬದಲು ತೆಗೆದುಬಿಡುವ ಕಡೆಗೆ, ಇಲ್ಲವೇ ಬೇಗ ಬೇಗ ನೋಡುವ ಕಡೆಗೆ ವೈದ್ಯರು ವಾಲುತ್ತಾರೆ. ದುಡ್ಡಿಗೆ ತಕ್ಕ ಉತ್ತರ ಇದು. ಪೊಡೊಪ್ಲಾನಿನ್ ಎಂಬ ಇನ್ನೊಂದು ಪ್ರೋಟೀನ್ ಕೂಡ ಬಿಳಿ ಮಚ್ಚೆ ಕ್ಯಾನ್ಸರಿಗೆ ತಿರುಗುವ ಅಪಾಯ ತೋರಿಸುತ್ತದೆ ಎಂದು 2008ರ ಒಂದು ಅಧ್ಯಯನ ಹೇಳಿತು. ಎರಡರಲ್ಲಿ ಒಂದನ್ನೇ ಮಾಡಿಸುವಷ್ಟು ದುಡ್ಡಿದ್ದರೆ ನಾನು ಪಿ53 ಆರಿಸುತ್ತೇನೆ. ಅದನ್ನು ಓದಲು ಬಲ್ಲವರು ಜಾಸ್ತಿ, ಹೆಚ್ಚು ಲ್ಯಾಬ್‌ಗಳಲ್ಲಿ ಸಿಗುತ್ತದೆ. ಟೆಸ್ಟ್ ಏನೇ ಹೇಳಲಿ, ಅಡಿಕೆ-ಹೊಗೆಸೊಪ್ಪು ಬಿಡದೆ ಮಚ್ಚೆ ಮಾತ್ರ ತೆಗೆಸಿದರೆ ಪಕ್ಕದಲ್ಲೇ ಇನ್ನೊಂದು ಏಳಬಹುದು. ಇಡೀ ಬಾಯಿಯ ಪದರವೇ ಅದೇ ವಿಷ ಉಂಡಿರುತ್ತದೆ.

ಇಜಿಎಫ್‌ಆರ್, ಕಿ-67 ಮತ್ತು ಉಳಿದವು

ಇಜಿಎಫ್‌ಆರ್ ಎಂಬುದು ಕಣಕ್ಕೆ ‘ಬೆಳೆ’ ಎಂದು ಹೇಳುವ ಪ್ರೋಟೀನ್. ತಲೆ-ಕತ್ತಿನ ಕ್ಯಾನ್ಸರ್‌ಗಳಲ್ಲಿ ಹೆಚ್ಚುಕಡಿಮೆ 80–90% ಪಾಲಿನಲ್ಲಿ ಇದು ಜಾಸ್ತಿ ಇರುತ್ತದೆ. ಇದನ್ನು ತಡೆಯುವ ಔಷಧಗಳಿವೆ: ಸೆಟುಕ್ಸಿಮ್ಯಾಬ್, ನಿಮೊಟುಜುಮ್ಯಾಬ್. ಎರಡನೆಯದು ಕ್ಯೂಬಾದಲ್ಲಿ ಹುಟ್ಟಿ 2006ರಲ್ಲಿ ಬೆಂಗಳೂರಿನ ಬಯೋಕಾನ್ ಮೂಲಕ ಭಾರತದ ಮಾರುಕಟ್ಟೆಗೆ ಬಂತು. ಔಷಧ ಇದೆ ಅಂದಮೇಲೆ ಟೆಸ್ಟ್ ಬೇಕಲ್ವಾ ಅಂತ ಯಾರಿಗಾದರೂ ಅನಿಸುತ್ತದೆ. ಬೇಡ. ಸೆಟುಕ್ಸಿಮ್ಯಾಬ್ ಯಾರಿಗೆ ತಾಗುತ್ತದೆ ಎಂಬುದನ್ನು ಈ ಬಣ್ಣದ ಪ್ರಮಾಣ ಹೇಳುವುದಿಲ್ಲ. ವೈದ್ಯರು ಈ ಔಷಧ ಕೊಡಬೇಕೆಂದರೆ ಟೆಸ್ಟ್ ಇಲ್ಲದೆಯೇ ಕೊಡುತ್ತಾರೆ.

ಕಿ-67 ಎಷ್ಟು ಕಣಗಳು ಒಡೆದು ಹೆಚ್ಚುತ್ತಿವೆ ಎಂದು ತೋರಿಸುತ್ತದೆ. ಸ್ತನ ಕ್ಯಾನ್ಸರಿನಲ್ಲಿ ಇದರ ಹೆಸರು ಕೇಳಿರುತ್ತೀರಿ, ಅಲ್ಲಿ ಅದಕ್ಕೊಂದು ಜಾಗ ಇದೆ. ಬಾಯಿ ಕ್ಯಾನ್ಸರಿನಲ್ಲಿ ಎಲ್ಲರೂ ಒಪ್ಪಿದ ಗೆರೆಯೇ ಇಲ್ಲ. ಒಂದೇ ಸ್ಲೈಡಿನ ಈ ಮೂಲೆಯಲ್ಲಿ ಎಣಿಸಿದರೆ ಒಂದು ಅಂಕಿ, ಆ ಮೂಲೆಯಲ್ಲಿ ಎಣಿಸಿದರೆ ಇನ್ನೊಂದು. ಸೈಕ್ಲಿನ್ ಡಿ1 ಎಂಬ ಪ್ರೋಟೀನ್ ಜಾಸ್ತಿ ಇದ್ದವರಲ್ಲಿ ಕತ್ತಿಗೆ ಹರಡುವುದು ಹೆಚ್ಚು, ಇ-ಕ್ಯಾಡೆರಿನ್ ಎಂಬ ಪ್ರೋಟೀನ್ ಕಳೆದುಕೊಂಡ ಗೆಡ್ಡೆ ಸುತ್ತ ನುಗ್ಗುವುದು ಹೆಚ್ಚು ಎನ್ನುವ ಅಧ್ಯಯನಗಳು ಬೇಕಾದಷ್ಟಿವೆ. ಆದರೆ ಹೆಚ್ಚಿನವು ಒಂದೇ ಆಸ್ಪತ್ರೆಯ ಹಳೆಯ ಬ್ಲಾಕ್‌ಗಳ ಮೇಲೆ, ತಮ್ಮದೇ ಗೆರೆ ಹಾಕಿಕೊಂಡು ಮಾಡಿದವು. ಹೀಗಾಗಬಾರದು ಎಂದೇ ಇಂಥ ಅಧ್ಯಯನಗಳನ್ನು ಹೇಗೆ ವರದಿ ಮಾಡಬೇಕು ಎಂದು ಹೇಳುವ ‘ರಿಮಾರ್ಕ್’ ಎಂಬ ನಿಯಮಾವಳಿ 2005ರಲ್ಲಿ ಬಂತು. ಸಂಶೋಧನೆಗೆ ಇವು ಬೇಕು. ಯಾರಾದರೂ ಅಧ್ಯಯನಕ್ಕೆಂದು ದುಡ್ಡಿಲ್ಲದೆ ಮಾಡುತ್ತೇವೆ ಅಂದರೆ, ಬ್ಲಾಕಿನಲ್ಲಿ ಸಾಕಷ್ಟು ಗೆಡ್ಡೆ ಉಳಿಯುತ್ತದೆ ಅಂತಾದರೆ, ಖಂಡಿತ ಒಪ್ಪಿ. ನಮ್ಮವರ ಬ್ಲಾಕ್‌ಗಳಿಂದಲೇ ನಮ್ಮವರ ಉತ್ತರ ಸಿಗಬೇಕು. ನಿಮ್ಮ ಜೇಬಿನಿಂದ ಕೊಟ್ಟು ಮಾಡಿಸಬೇಡಿ.

ಎಂಜಲಿನ ಮತ್ತು ರಕ್ತದ ಟೆಸ್ಟ್‌ಗಳ ಬಗ್ಗೆಯೂ ಕೇಳುತ್ತಾರೆ. ಸೂಜಿ ಚುಚ್ಚದೆ ಎಂಜಲಿನಲ್ಲಿ ಐಎಲ್-8ನಂಥ ಪ್ರೋಟೀನ್ ನೋಡುವ ಆಲೋಚನೆ ಚೆನ್ನಾಗಿದೆ. ಆದರೆ ಒಸಡು ಊದಿಕೊಂಡಿದ್ದರೂ ಅದು ಏರುತ್ತದೆ. ಒಸಡಿನ ತೊಂದರೆ ನಮ್ಮಲ್ಲಿ ಯಾರಿಗಿಲ್ಲ? ರಕ್ತದಲ್ಲಿ ನೋಡುವ ಎಸ್‌ಸಿಸಿ ಆಂಟಿಜನ್ ಎಂಬ ಪ್ರೋಟೀನ್ ಕಿಡ್ನಿ ಕಾಯಿಲೆಯಲ್ಲೂ ಸೋರಿಯಾಸಿಸ್‌ನಲ್ಲೂ ಏರುತ್ತದೆ. ಇವನ್ನು ನಂಬಿ ಬಯಾಪ್ಸಿ ಮುಂದೂಡಬೇಡಿ. ಚಿಕಿತ್ಸೆಯ ನಂತರ ತಿಂಗಳಿಗೊಮ್ಮೆ ರಕ್ತ ಕೊಡುವುದಕ್ಕಿಂತ ವೈದ್ಯರು ಬಾಯೊಳಗೆ ಬೆರಳಿಟ್ಟು, ಕತ್ತು ಒತ್ತಿ ನೋಡುವುದರಿಂದ ತಿಳಿಯುವುದು ಜಾಸ್ತಿ.

ನಿಮ್ಮ ಸ್ಥಿತಿ ಯಾವುದು

ಮಚ್ಚೆ ಅಥವಾ ಬಾಯಿ ಬಿಗಿತ, ಬಯಾಪ್ಸಿಯಲ್ಲಿ ಡಿಸ್‌ಪ್ಲೇಸಿಯಾ: ಪಿ53 ಮಾಡಿಸಿ. ಅದು ಆಗದಿದ್ದರೆ ಸ್ಲೈಡನ್ನು ಇನ್ನೊಬ್ಬ ಬಾಯಿ ಪೆಥಾಲಜಿಸ್ಟ್‌ಗೆ ತೋರಿಸಿ. ಡೆಂಟಲ್ ಕಾಲೇಜುಗಳಲ್ಲಿ ಆ ವಿಭಾಗ ಇರುತ್ತದೆ, ಖರ್ಚೂ ಕಡಿಮೆ.

ಚಿಕ್ಕ ಗೆಡ್ಡೆ, ಆಪರೇಶನ್ ಇನ್ನೂ ಆಗಬೇಕು: ಯಾವ ಪ್ರೋಟೀನೂ ಬೇಡ. ಬಾಯಿ ಕ್ಯಾನ್ಸರ್ ಆಪರೇಶನ್ ದಿನವೂ ಮಾಡುವ ಕೈ ಹುಡುಕಲು ಆ ಶಕ್ತಿ ಬಳಸಿ.

ಆಪರೇಶನ್ ಆಗಿದೆ, ರೇಡಿಯೇಶನ್ ಬೇಕು ಅಂದಿದ್ದಾರೆ: ಆಪರೇಶನ್ ಆಗಿ ಆರು ವಾರದೊಳಗೆ ರೇಡಿಯೇಶನ್ ಶುರುವಾಗಬೇಕು. ಹಲ್ಲು ತೋರಿಸುವುದು, ರೇಡಿಯೇಶನ್ ವೇಳೆ ತಲೆ ಅಲುಗಾಡದಂತೆ ಹಿಡಿಯುವ ಮಾಸ್ಕ್ ಮಾಡಿಸುವುದು, ಪ್ಲಾನಿಂಗ್ ಇವಕ್ಕೇ ದಿನ ಬೇಕು. ಯಾವುದೋ ಪ್ಯಾನೆಲ್ (ಹಲವು ಟೆಸ್ಟ್‌ಗಳ ಗುಂಪು) ರಿಪೋರ್ಟ್ ಬರಲಿ ಅಂತ ಎರಡು ವಾರ ಕಾಯುವುದು ನಷ್ಟದ ವ್ಯಾಪಾರ.

ಬಲಿತ ಗೆಡ್ಡೆ, ಆಪರೇಶನ್ ಸಾಧ್ಯ, ವಿಮೆಯೋ ಕೈಯಲ್ಲಿ ದುಡ್ಡೋ ಇದೆ: ಪಿಡಿ-ಎಲ್1 ಬಗ್ಗೆ ಆಪರೇಶನ್ನಿಗೆ ಮೊದಲೇ ವೈದ್ಯರ ಜೊತೆ ಮಾತಾಡಿ. ದುಡ್ಡಿಲ್ಲದಿದ್ದರೆ ಕೊರಗಬೇಡಿ. ಒಳ್ಳೆಯ ಆಪರೇಶನ್, ಸಮಯಕ್ಕೆ ರೇಡಿಯೇಶನ್, ಬೇಕಾದವರಿಗೆ ಕೀಮೋ, ಈಗಲೂ ಚಿಕಿತ್ಸೆಯ ಬೆನ್ನೆಲುಬು ಇದೇ.

ಮರಳಿ ಬಂದಿದೆ, ಅಥವಾ ಹರಡಿದೆ: ಪೂರ್ಣ ಡೋಸ್ ಔಷಧ ಕೊಳ್ಳಲು ಆಗುವವರಿಗೆ ಪಿಡಿ-ಎಲ್1 ಬೇಕೇ ಬೇಕು. ಆಗದವರು ಸಣ್ಣ ಡೋಸ್ ಮತ್ತು ಮಾತ್ರೆಗಳ ದಾರಿ ಕೇಳಿ. ಮಾತ್ರೆಗಳೂ ಕಡಿಮೆ ಆಯ್ಕೆಯೇನಲ್ಲ. ಮೆಥೋಟ್ರೆಕ್ಸೇಟ್-ಸೆಲೆಕಾಕ್ಸಿಬ್ ಮಾತ್ರೆಗಳನ್ನು ಸಿಸ್‌ಪ್ಲಾಟಿನ್ ಇಂಜೆಕ್ಷನ್ ಜೊತೆ ಹೋಲಿಸಿ ನೋಡಿದ ಭಾರತದ ಅಧ್ಯಯನದಲ್ಲಿ, 2020ರಲ್ಲಿ, ಮಾತ್ರೆಗಳೇ ಮುಂದಿದ್ದವು: ಮಾತ್ರೆಯವರಲ್ಲಿ ಅರ್ಧದಷ್ಟು ಜನ 7.5 ತಿಂಗಳು ದಾಟಿದರು, ಆ ಕಡೆ 6.1.

ಬಿಪಿಎಲ್ ಕಾರ್ಡಿನವರು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಡಿ ಆಪರೇಶನ್, ರೇಡಿಯೇಶನ್, ಕೀಮೋ ಪಡೆಯಬಹುದು. ಐಎಚ್‌ಸಿ ಟೆಸ್ಟ್ ಆ ಪ್ಯಾಕೇಜಿನೊಳಗೆ ಬರುತ್ತಾ ಹೊರಗಾ ಎಂದು ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಸಂಸ್ಥೆಗೂ ಖಾಸಗಿ ಲ್ಯಾಬಿಗೂ ದರದಲ್ಲಿ ಬಹಳ ವ್ಯತ್ಯಾಸ ಇರುತ್ತದೆ. ಪಿಡಿ-ಎಲ್1 ಅಂತೂ ಉಳಿದ ಸಾದಾ ಪ್ರೋಟೀನ್ ಟೆಸ್ಟ್‌ಗಳಿಗಿಂತ ಎಷ್ಟೋ ಪಟ್ಟು ದುಬಾರಿ, ಎರಡು ಮೂರು ಕಡೆ ವಿಚಾರಿಸಿ.

ಬ್ಲಾಕ್ ಜೋಪಾನ

ಎಂಥ ಒಳ್ಳೆಯ ಟೆಸ್ಟ್ ಆದರೂ ತುಂಡು ಕೆಟ್ಟಿದ್ದರೆ ಉತ್ತರ ಸುಳ್ಳಾಗುತ್ತದೆ. ಬಯಾಪ್ಸಿ ತುಂಡು ತೆಗೆದ ಕೂಡಲೇ 10% ಬಫರ್ಡ್ ಫಾರ್ಮಲಿನ್‌ಗೆ ಬೀಳಬೇಕು. ಸಲೈನ್ ಬಾಟಲಿಯಲ್ಲೋ ಸ್ಪಿರಿಟ್‌ನಲ್ಲೋ ಹಾಕಿ ಬಸ್ಸಿನಲ್ಲಿ ಕಳಿಸಿದ ತುಂಡುಗಳು ಈಗಲೂ ಬರುತ್ತವೆ. ಆಗ ಕಣಗಳು ಕರಗಿ ಬಣ್ಣವೇ ಹಿಡಿಯುವುದಿಲ್ಲ, ಪಾಪ, ಆ ರೋಗಿ ಮತ್ತೊಮ್ಮೆ ನೋವು ತಿನ್ನಬೇಕು. ಸಣ್ಣ ಊರಿನಲ್ಲಿ ಬಯಾಪ್ಸಿ ಮಾಡಿಸುವುದಾದರೆ ‘ಫಾರ್ಮಲಿನ್ ಇದೆಯಾ’ ಎಂದು ಕೇಳಿಯೇ ಕುಳಿತುಕೊಳ್ಳಿ. ದವಡೆ ಮೂಳೆಯ ಜೊತೆ ತೆಗೆದ ತುಂಡನ್ನು ಆ್ಯಸಿಡ್‌ನಲ್ಲಿ ಮೆತ್ತಗೆ ಮಾಡುತ್ತಾರೆ. ಅದರಿಂದ ಪ್ರೋಟೀನ್ ಹಾಳಾಗುತ್ತದೆ, ಆದ್ದರಿಂದ ಐಎಚ್‌ಸಿಗೆ ಮೂಳೆ ಇಲ್ಲದ ಬ್ಲಾಕ್ ಆರಿಸಿ ಅಂತ ಹೇಳಿ.

ಆಸ್ಪತ್ರೆ ಬದಲಿಸುವಾಗ ರಿಪೋರ್ಟಿನ ಜೆರಾಕ್ಸ್ ಸಾಲದು. ಅರ್ಜಿ ಬರೆದುಕೊಟ್ಟು ಬ್ಲಾಕ್ ಮತ್ತು ಸ್ಲೈಡ್ ಎರಡನ್ನೂ ಕೇಳಿ ಪಡೆಯಿರಿ. ಬ್ಲಾಕ್ ಸಂಖ್ಯೆ ರಿಪೋರ್ಟಿನ ಸಂಖ್ಯೆಗೆ ಹೊಂದುತ್ತಾ ನೋಡಿ. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೆ ಮೇಣ ಕರಗುತ್ತದೆ, ಚೀಲದ ಒಳಗಿಡಿ. ಮುಂದೆ ಬೇಕಾದೀತು ಅಂತ ಬಣ್ಣ ಹಾಕದ ಸ್ಲೈಡ್‌ಗಳನ್ನು ಈಗಲೇ ಕತ್ತರಿಸಿ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಕತ್ತರಿಸಿದ ಪದರದಲ್ಲಿ ಪಿಡಿ-ಎಲ್1 ತಿಂಗಳುಗಳಲ್ಲಿ ಮಸುಕಾಗುತ್ತದೆ. ಬ್ಲಾಕಿನೊಳಗೆ ಅದು ಹೆಚ್ಚು ಕಾಲ ಉಳಿಯುತ್ತದೆ. ಟೆಸ್ಟ್ ಬೇಕಾದ ದಿನ ಬ್ಲಾಕ್ ಕೊಟ್ಟು ಹೊಸದಾಗಿ ಕತ್ತರಿಸಿಕೊಳ್ಳಲು ಹೇಳಿ. ಕೆಲಸ ಮುಗಿದ ಮೇಲೆ ಬ್ಲಾಕ್ ವಾಪಸ್ ಪಡೆಯುವುದನ್ನು ಮರೆಯಬೇಡಿ.